ಕಾಳಿನ ತಟ್ಟೆಯಲ್ಲಿ ಕಡಲತಳ: ಒಂಬತ್ತನೇ ತರಗತಿಯ ಒಂದು ಪಾಠ

ಬೋಧನಾಭ್ಯಾಸದ ಮೂರನೇ ವಾರ ಕುಮಟಾ ಕಡೆಯ ಪ್ರೌಢಶಾಲೆಯೊಂದರಲ್ಲಿ ಜಲಮಾಲಿನ್ಯದ ಪಾಠ ಮಾಡಿದೆ. ತಳದ ಕೆಸರಿನಲ್ಲಿರುವ ಅಕಶೇರುಕಗಳನ್ನು ನೋಡಿ ಕರಾವಳಿಯ ನೀರು ಹೇಗಿದೆಯೆಂದು ತಿಳಿಯುವುದು ನಾನು ಆರಿಸಿಕೊಂಡ ಅಂಶ. ಬಾಟಲಿಯಲ್ಲಿ ಹಿಡಿದ ನೀರು ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಕೆಸರಿನ ಹುಳು, ಬಳಚುಗಳು ದೂರ ಹೋಗಲಾರವು. ತಿಂಗಳುಗಟ್ಟಲೆ ಅಲ್ಲಿ ಆದದ್ದನ್ನೆಲ್ಲ ಉಂಡಿರುತ್ತವೆ.

ಬೋಧನೋಪಕರಣ ಎರಡು ತಟ್ಟೆ. ಮೊದಲನೆಯದರಲ್ಲಿ 20 ಕಾಳು: ಹೆಸರು, ಕಡಲೆ, ಅಲಸಂದೆ, ಹುರುಳಿ, ಉದ್ದು ತಲಾ ನಾಲ್ಕು. ಎರಡನೆಯದರಲ್ಲಿ 40: ಹುರುಳಿಯೇ 38, ಕಡಲೆ ಒಂದು, ಹೆಸರು ಒಂದು. ಒಂದೊಂದು ಕಾಳೂ ಒಂದು ಜೀವಿ ಎಂದು ಹೇಳಿ, "ಯಾವ ತಟ್ಟೆಯ ನೀರು ಚೊಕ್ಕ?" ಎಂದು ಕೇಳಿದೆ. ಬಹುತೇಕರು ಎರಡನೆಯದನ್ನು ತೋರಿಸಿದರು, ಜೀವಿಗಳು ಅಲ್ಲೇ ಹೆಚ್ಚಲ್ಲವೇ! ನಾನು ಕಾದಿದ್ದ ತಪ್ಪು ಉತ್ತರವೂ ಅದೇ. ಚರಂಡಿಯ ಕೊಳೆ ಸೇರಿದಲ್ಲಿ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಬಳಸಿಬಿಡುತ್ತವೆ. ಆಳಕ್ಕೆ ಬಿಲ ತೋಡುವ ದೊಡ್ಡ ಜೀವಿಗಳು ಇಲ್ಲವಾಗಿ, ಕ್ಯಾಪಿಟೆಲ್ಲಾ ಎಂಬ ದಾರದಂಥ ಕೆಂಪು ಹುಳು ವಿಪರೀತ ಹೆಚ್ಚುತ್ತದೆ. ಕೊಳೆ ಇನ್ನೂ ಏರಿದರೆ ಅದೂ ಉಳಿಯದು. ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲಿ ವಿವರಿಸಿದ ಕ್ರಮವಿದು.

ಲೆಕ್ಕಕ್ಕೆ 1949ರ ಸಿಂಪ್ಸನ್ ಸೂಚ್ಯಂಕ ಸಾಕಾಯಿತು. ಕಣ್ಣು ಮುಚ್ಚಿ ಎರಡು ಕಾಳು ತೆಗೆದರೆ ಎರಡೂ ಒಂದೇ ಬಗೆಯವಾಗುವ ಸಂಭವ ಮೊದಲ ತಟ್ಟೆಯಲ್ಲಿ 60/380, ಅಂದರೆ ಸುಮಾರು ಶೇ. 16; ಎರಡನೆಯದರಲ್ಲಿ 1406/1560, ಸುಮಾರು ಶೇ. 90.

ಇಲ್ಲಿಯವರೆಗೆ ಪಾಠಯೋಜನೆಯಂತೆಯೇ ನಡೆಯಿತು. "ಬಗೆ ಕಡಿಮೆಯಾದರೆ ನೀರು ಕೆಟ್ಟಿದೆ" ಎಂದು ಹಲಗೆಯ ಮೇಲೆ ಬರೆದೆ. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ಅಕ್ಕೋರೆ, ನಮ್ಮನೆಯವರು ಅಘನಾಶಿನಿಯಲ್ಲಿ ಬಳಚು ತೆಗೀತಾರೆ. ಮಳೆಗಾಲದಲ್ಲಿ ಅಲ್ಲಿ ಏನೂ ಸರಿ ಸಿಗೂದಿಲ್ಲ. ಆಗ ನಮ್ಮ ಹೊಳೆ ಹೊಲಸಾ?"

ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ಹೇಳ್ತೇನೆ" ಎಂದೆ. ಗಂಟೆ ಹೊಡೆದದ್ದು ನನ್ನ ಪುಣ್ಯ.

ಅಂದು ಸಂಜೆ ಓದಿದಾಗ ತಿಳಿಯಿತು. ಮಳೆಯ ಸಿಹಿನೀರು ನುಗ್ಗಿದಾಗ ಅಳಿವೆಯ ಉಪ್ಪು ಇಳಿಯುತ್ತದೆ, ಕಡಲಿನ ಅನೇಕ ಜೀವಿಗಳು ಅದನ್ನು ತಾಳಲಾರವು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಸಾವಿರಕ್ಕೆ 5ರಿಂದ 8 ಭಾಗವಿರುವ ನೀರಿನಲ್ಲಿ ಬಗೆಗಳು ಅತಿ ಕಡಿಮೆಯೆಂದು ಜರ್ಮನಿಯ ರೆಮಾನೆ 1934ರಲ್ಲೇ ತೋರಿಸಿದ್ದರು. ಅಲ್ಲಿ ಬಗೆ ಕಡಿಮೆಯಾಗಲು ಕೊಳೆಯೇ ಬೇಕಿಲ್ಲ. ನನ್ನ ವಾಕ್ಯವನ್ನು ನಂಬಿದ್ದರೆ ಆ ಹುಡುಗಿ ತನ್ನ ಮನೆಯ ಅನ್ನದ ಹೊಳೆಯನ್ನು ಹೊಲಸೆಂದುಕೊಂಡು ಹೋಗುತ್ತಿದ್ದಳು.

ಮರುದಿನ ವಿಷಯ ತಿಳಿಸಿ, ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟೆ. ತರಗತಿಯೆಲ್ಲ ಸೇರಿ ತಿದ್ದಿದ ವಾಕ್ಯ ಹೀಗಾಯಿತು: "ಒಂದೇ ಕಾಲದಲ್ಲಿ, ಒಂದೇ ತರಹದ ತಳ ಮತ್ತು ಉಪ್ಪು ಇರುವ ಎರಡು ಕಡೆ ಹೋಲಿಸಿದಾಗ, ಬಗೆ ಕಡಿಮೆ ಇರುವಲ್ಲಿ ನೀರು ಕೆಟ್ಟಿರಬಹುದು." 'ಕೆಟ್ಟಿರಬಹುದು' ಬೇಕೋ 'ಕೆಟ್ಟಿದೆ' ಸಾಕೋ ಎಂಬ ಜಗಳಕ್ಕೇ ಹತ್ತು ನಿಮಿಷ ಹೋಯಿತು. ವೀಕ್ಷಣಾ ಪುಸ್ತಕದಲ್ಲಿ "ಸಮಯಪಾಲನೆ ಸಾಲದು" ಎಂಬ ಷರಾ ಬಿದ್ದಿದೆ, ಒಪ್ಪುತ್ತೇನೆ. ಮುಂದಿನ ಸಲ ಮಳೆಗಾಲದ ಅಳಿವೆಗೆಂದು ಮೂರನೇ ತಟ್ಟೆಯೊಂದನ್ನು ಮೊದಲೇ ಜೋಡಿಸಿಕೊಂಡು ಹೋಗುತ್ತೇನೆ.