ಇಂದಿನ ಧಮ್ಮ ಚಿಂತನೆ: ಚರ್ಮದ ಒಳಗೆ ಏನಿದೆ?



ಕೂದಲು, ರೋಮ, ಉಗುರು, ಹಲ್ಲು, ಚರ್ಮ ಎಂದು ಶುರುವಾಗುವ 32 ಭಾಗಗಳ ಪಾಠವನ್ನು ನಮ್ಮಲ್ಲಿ ಹಲವರು ಬಾಯಿಪಾಠ ಮಾಡಿದ್ದೀರಿ. ಸತಿಪಟ್ಠಾನ ಸುತ್ತದಲ್ಲಿ ಭಗವಾನ್ ಬುದ್ಧರು ಇದಕ್ಕೆ ಕಾಳಿನ ಚೀಲದ ಹೋಲಿಕೆ ಕೊಡುತ್ತಾರೆ. ಕಣ್ಣಿದ್ದವನು ಚೀಲ ಬಿಚ್ಚಿ ಇದು ಭತ್ತ, ಇದು ಹೆಸರುಕಾಳು, ಇದು ಎಳ್ಳು ಎಂದು ನೋಡುವ ಹಾಗೆ ದೇಹವನ್ನು ನೋಡಬೇಕು. ಅಲ್ಲಿ ದೇಹಕ್ಕೆ ಅಶುಚಿ ಎಂಬ ಮಾತೂ ಬರುತ್ತದೆ. ಆ ಪದ ನಮಗೆ ಚುಚ್ಚುತ್ತದೆ, ನಿಜ. ಆದರೆ ಸುತ್ತದಲ್ಲಿ ಅದು ಇನ್ನೊಬ್ಬರ ಮೈಗೆ ಹಚ್ಚುವ ಹೆಸರಲ್ಲ, ಧ್ಯಾನಕ್ಕೆ ಕೂತವನು ತನ್ನದೇ ದೇಹವನ್ನು ನೋಡಿ ಹೇಳಿಕೊಳ್ಳುವುದು.

ದೇಹದ ಬಗ್ಗೆ ಜನಸಾಮಾನ್ಯರಿಗಾಗಿ ಬಂದ ಪುಸ್ತಕಗಳನ್ನೂ ನಾನು ಚೀಲ ಬಿಚ್ಚುವ ಕೆಲಸವೆಂದೇ ಓದುತ್ತೇನೆ. ಬಿಲ್ ಬ್ರೈಸನ್ ಅವರ 'ದಿ ಬಾಡಿ' (2019) ಪುಸ್ತಕದಲ್ಲಿ ಒಬ್ಬ ಸರ್ಜನ್ ಶವದ ತೋಳಿನಿಂದ ಬೆಳಕು ತೂರುವಷ್ಟು ತೆಳುವಾದ ಚರ್ಮದ ಪದರ ತೆಗೆದು ತೋರಿಸುತ್ತಾರೆ. ಮನುಷ್ಯನ ಬಣ್ಣವೆಲ್ಲ ಅಷ್ಟರಲ್ಲೇ ಮುಗಿಯಿತು.

ಇನ್ನು ರಕ್ತ. 'ಎಲ್ಲರ ರಕ್ತವೂ ಒಂದೇ' ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಅದು ಪೂರ್ತಿ ಸರಿಯಲ್ಲ. ರಕ್ತದಲ್ಲಿ ಗುಂಪುಗಳಿವೆ ಎಂದು 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿಕೊಟ್ಟರು. ತಪ್ಪು ಗುಂಪಿನ ರಕ್ತ ಏರಿಸಿದರೆ ಜೀವವೇ ಹೋಗಬಹುದು. ಆದರೆ ಈ ಗುಂಪುಗಳು ಊರು–ಕೇರಿಯ ಗಡಿ ನೋಡುವುದಿಲ್ಲ. ತಂದೆ ಎ, ತಾಯಿ ಬಿ ಇರುವ ಮನೆಯಲ್ಲಿ ಎ, ಬಿ, ಎಬಿ, ಓ ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಹುದು. ಬಿ ಗುಂಪಿನ ತಂಗಿಗೆ ಎ ಗುಂಪಿನ ಒಡಹುಟ್ಟಿದ ಅಣ್ಣನ ರಕ್ತ ಆಗುವುದಿಲ್ಲ. ಯಾವುದೋ ಊರಿನ, ಹೆಸರೇ ಗೊತ್ತಿಲ್ಲದವರ ರಕ್ತ ಆಗುತ್ತದೆ. ವಾಸೆಟ್ಠ ಸುತ್ತದಲ್ಲಿ ಬುದ್ಧರು ಹಿಡಿಯುವ ದಾರಿಯೂ ಇದೇ. ಹುಲ್ಲು, ಮರ, ಹುಳು, ಹಾವು, ಮೀನು, ಹಕ್ಕಿಗಳಲ್ಲಿ ಹುಟ್ಟಿನ ಗುರುತುಗಳಿವೆ. ಮನುಷ್ಯರ ತಲೆ, ಕಿವಿ, ಕಣ್ಣು, ಮೂಗು, ಕೈಕಾಲು ಒಂದೊಂದಾಗಿ ನೋಡುತ್ತಾ ಹೋದರೂ ಅಂಥ ಗುರುತು ಸಿಗುವುದಿಲ್ಲ.

ಹಾಗಾದರೆ ಜಾತಿ ನಮ್ಮ ದೇಹವನ್ನು ಮುಟ್ಟಿಯೇ ಇಲ್ಲವೇ? ಮುಟ್ಟಿದೆ. ಜಾತಿಯ ತಿರುಳು ಇರುವುದು ಜಾತಿಯೊಳಗಿನ ಮದುವೆಯಲ್ಲಿ ಎಂದು ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಹೇಳಿದರು. ವಂಶವಾಹಿ ವಿಜ್ಞಾನಿ ಡೇವಿಡ್ ರೈಕ್ 2018ರ ತಮ್ಮ ಪುಸ್ತಕದಲ್ಲಿ ತೆಲುಗು ನಾಡಿನ ಒಂದು ವರ್ತಕ ಸಮುದಾಯದ ಉದಾಹರಣೆ ಕೊಡುತ್ತಾರೆ. ಎಷ್ಟೋ ತಲೆಮಾರುಗಳಿಂದ ತಮ್ಮೊಳಗೇ ಮದುವೆಯಾಗುತ್ತಾ ಬಂದವರು ಅವರು. ಆಪರೇಷನ್ನಿಗೆ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿ ಅವರಲ್ಲಿ ಕೆಲವರಿಗೆ ಬೇಗ ಇಳಿಯುವುದೇ ಇಲ್ಲ, ಅಪಾಯವಾಗುತ್ತದೆ. ಇದರಲ್ಲಿ ಮೇಲುಕೀಳಿನ ಮಾತೇ ಇಲ್ಲ. ಗೋಡೆ ಕಟ್ಟಿದವರು ಮನುಷ್ಯರು. ಅದರ ಬಾಧೆ ಮಕ್ಕಳ ಮೈಗೆ ಬಂತು.

ದೀಕ್ಷೆ ತೆಗೆದುಕೊಂಡ ಮನೆಗಳಲ್ಲೂ ಸಂಬಂಧ ಹುಡುಕುವಾಗ 'ಎಡಗೈನವರೋ, ಬಲಗೈನವರೋ' ಎಂದು ಮೆಲ್ಲಗೆ ವಿಚಾರಿಸುವುದನ್ನು ನಾನು ಕೇಳಿದ್ದೇನೆ. ನೀವೂ ಕೇಳಿರುತ್ತೀರಿ.

ಭಾನುವಾರದ ವಂದನೆಗೆ ಬರುವಾಗ ಮನೆಯವರೆಲ್ಲರ ರಕ್ತದ ಗುಂಪು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಯಾರದು ಯಾರಿಗೆ ಆಗುತ್ತದೆ ಎಂದು ಕೂತು ನೋಡೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.