ನೀರಿನ ಬಲದಿಂದ ಚಕ್ರ ತಿರುಗುವ ಬಗೆ
(ಟರ್ಬೈನು ಯಂತ್ರದ ವಿಚಾರವಾಗಿ ನಿರ್ಣಾ ಸೀಮೆಯ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ)

ಮುಂಗಾರಿನಲ್ಲಿ ತುಂಬಿ ಹರಿಯುವ ಹಳ್ಳವನ್ನು ನೋಡಿ, "ಇಷ್ಟು ನೀರಿನ ಬಲವು ವ್ಯರ್ಥವಾಗಿ ಹೋಗುತ್ತಿರುವುದಲ್ಲಾ, ಇದಕ್ಕೊಂದು ಚಕ್ರವನ್ನು ಹೂಡಿ ಬಾವಿಯ ನೀರನ್ನೆತ್ತಬಾರದೇ?" ಎಂದು ನಿರ್ಣಾ, ಹುಮನಾಬಾದು, ಬಸವಕಲ್ಯಾಣದ ಕಡೆಯ ರೈತರು ಕೇಳುವುದುಂಟು. ಪ್ರಶ್ನೆಯು ಯುಕ್ತವಾದುದೇ. ಆದರೆ ಲೆಕ್ಕವನ್ನರಿಯದೆ ಯಂತ್ರವನ್ನು ಕೊಂಡವನು ಹಣವನ್ನು ಕಳೆದುಕೊಳ್ಳುವನು. ಆದುದರಿಂದ ಈ ಯಂತ್ರದ ತತ್ತ್ವವನ್ನೂ ಅದರ ಲೆಕ್ಕವನ್ನೂ ಇಲ್ಲಿ ವಿವರಿಸಲಾಗಿದೆ.

1. ಟರ್ಬೈನು ಎಂದರೇನು?

ಹರಿಯುವ ನೀರು, ಹಬೆ ಅಥವಾ ಗಾಳಿಯ ವೇಗವನ್ನು ತನ್ನ ಅಲಗುಗಳಿಂದ ಹಿಡಿದು, ಅದನ್ನು ಅಚ್ಚಿನ ತಿರುಗಾಟವಾಗಿ ಮಾರ್ಪಡಿಸುವ ಚಕ್ರವೇ ಟರ್ಬೈನು. ಹಳೆಯ ಮರದ ನೀರುಚಕ್ರದಲ್ಲಿ ಸಾಕಷ್ಟು ಬಲವು ಸೋರಿಹೋಗುತ್ತಿತ್ತು. 1827ರಲ್ಲಿ ಫ್ರಾನ್ಸಿನ ಫೂರ್ನೆರಾನ್ ಎಂಬ ಶಿಲ್ಪಿಯು ಉತ್ತಮವಾದ ಟರ್ಬೈನನ್ನು ರಚಿಸಿದನು. ಬಳಿಕ ಫ್ರಾನ್ಸಿಸ್, ಪೆಲ್ಟನ್, ಕಪ್ಲಾನ್ ಎಂಬವರು ಅದನ್ನು ಬೇರೆ ಬೇರೆ ರೀತಿಗಳಲ್ಲಿ ಬೆಳೆಸಿದರು.

2. ಬಲವು ಚಕ್ರಕ್ಕೆ ಬರುವ ರೀತಿ

ಎತ್ತರದಲ್ಲಿರುವ ನೀರಿಗೆ ಬೀಳುವ ಶಕ್ತಿಯುಂಟು. ಅದನ್ನು ಕೊಳವೆಯಲ್ಲಿ ಇಳಿಸಿ ಕಿರಿದಾದ ಮೂತಿಯಿಂದ ಬಿಟ್ಟರೆ ರಭಸವಾದ ಧಾರೆಯಾಗುವುದು. ಪೆಲ್ಟನ್ ಚಕ್ರದ ಅಂಚಿನಲ್ಲಿ ಬಟ್ಟಲುಗಳ ಸಾಲಿದೆ. ಧಾರೆಯು ಬಟ್ಟಲಿಗೆ ತಗುಲಿ, ಅದರ ಬಾಗಿದ ಮೈಯನ್ನನುಸರಿಸಿ ಹಿಂದಕ್ಕೆ ತಿರುಗುವುದು. ನೀರಿನ ದಿಕ್ಕನ್ನು ತಿರುಗಿಸಿದ ಬಟ್ಟಲನ್ನು ನೀರು ಮುಂದಕ್ಕೆ ತಳ್ಳುವುದು.

ಬಟ್ಟಲು ಅಲುಗದೆ ನಿಂತಿದ್ದರೆ ಒತ್ತಡವಿದ್ದರೂ ಕೆಲಸವಾಗದು. ಬಟ್ಟಲು ಧಾರೆಯಷ್ಟೇ ವೇಗವಾಗಿ ಓಡಿದರೆ ಧಾರೆಯು ಅದನ್ನು ತಳ್ಳಲಾರದು. ಧಾರೆಯ ವೇಗದಲ್ಲಿ ಸುಮಾರು ಅರ್ಧದಷ್ಟು ವೇಗದಿಂದ ಬಟ್ಟಲು ಓಡಿದಾಗ, ನೀರು ತನ್ನ ರಭಸವನ್ನೆಲ್ಲ ಚಕ್ರಕ್ಕೊಪ್ಪಿಸಿ ಸುಮ್ಮನೆ ಕೆಳಕ್ಕೆ ಬೀಳುವುದು. ಚಕ್ರದಿಂದ ಹೊರಬೀಳುವ ನೀರು ಇನ್ನೂ ರಭಸವಾಗಿದ್ದರೆ ಅಷ್ಟು ಬಲವು ನಷ್ಟವಾಯಿತೆಂದು ತಿಳಿಯಬೇಕು.

ಎತ್ತರ ಹೆಚ್ಚಾಗಿ ನೀರು ಕಡಿಮೆಯಿರುವಲ್ಲಿ ಪೆಲ್ಟನ್ ಚಕ್ರವು ತಕ್ಕುದು. ಎತ್ತರವು ಮಧ್ಯಮವಾಗಿದ್ದರೆ ಫ್ರಾನ್ಸಿಸ್ ಚಕ್ರ; ಎತ್ತರ ಕಡಿಮೆಯಾಗಿ ನೀರು ಬಹಳವಿದ್ದರೆ ಹಡಗಿನ ತಿರುಗಣೆಯನ್ನು ಹೋಲುವ ಕಪ್ಲಾನ್ ಚಕ್ರ. ಈ ಎರಡರಲ್ಲಿ ಚಕ್ರವು ನೀರಿನಿಂದ ತುಂಬಿಯೇ ಇದ್ದು, ರಭಸದ ಜತೆಗೆ ನೀರಿನ ಒತ್ತಡವೂ ಕೆಲಸ ಮಾಡುವುದು.

3. ನಮ್ಮ ನಾಡಿನ ನಿದರ್ಶನಗಳು

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿಯೇ ಟರ್ಬೈನುಗಳಿಂದ ವಿದ್ಯುತ್ತನ್ನು ಹುಟ್ಟಿಸಿ, 90 ಮೈಲಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒಯ್ದರು. ಶರಾವತಿಯ ಜೋಗದಲ್ಲಿ 1948ರಲ್ಲಿ ವಿದ್ಯುದಾಗಾರವು ಆರಂಭವಾಯಿತು. ರಾಯಚೂರಿನಲ್ಲಿ ಕಲ್ಲಿದ್ದಲಿನಿಂದ ನೀರನ್ನು ಕಾಯಿಸಿ ಹಬೆಯಿಂದ ಟರ್ಬೈನನ್ನು ತಿರುಗಿಸುವರು. ಗದಗಿನ ಕಪ್ಪತಗುಡ್ಡದ ಕಡೆ ಗಾಳಿಯೇ ಚಕ್ರವನ್ನು ತಿರುಗಿಸುವುದು. ಗಾಳಿಯ ವೇಗವು ಎರಡರಷ್ಟಾದರೆ ಅದರ ಬಲವು ಎಂಟರಷ್ಟಾಗುವುದು. ಹರಿಯುವ ವಸ್ತು ಬೇರೆಯಾದರೂ ತತ್ತ್ವವು ಒಂದೇ.

4. ಹಳ್ಳದ ಬಲವನ್ನು ಅಳೆಯುವ ಕ್ರಮ

ಹಳ್ಳವು ನೇರವಾಗಿ ಹರಿಯುವಲ್ಲಿ 30 ಅಡಿಯ ದೂರವನ್ನು ಗುರುತಿಸಿ, ಒಂದು ಒಣ ಕಟ್ಟಿಗೆಯ ಚೂರನ್ನು ತೇಲಿಬಿಡಿರಿ. ಅದು 30 ಸೆಕೆಂಡುಗಳಲ್ಲಿ ಆ ದೂರವನ್ನು ದಾಟಿದರೆ ಮೇಲ್ನೀರಿನ ವೇಗವು ಸೆಕೆಂಡಿಗೆ 1 ಅಡಿ. ತಳದ ನೀರು ನಿಧಾನವಾಗಿರುವುದರಿಂದ ಇದರಲ್ಲಿ ಹತ್ತಕ್ಕೆ ಎಂಟು ಪಾಲನ್ನು ಮಾತ್ರ ಹಿಡಿಯಬೇಕು. ಹಳ್ಳದ ಅಗಲ 2 ಅಡಿ, ಆಳ ಅರ್ಧ ಅಡಿಯಿದ್ದರೆ ಸೆಕೆಂಡಿಗೆ 0.8 ಘನ ಅಡಿ, ಎಂದರೆ ನಿಮಿಷಕ್ಕೆ ಸುಮಾರು 300 ಗ್ಯಾಲನ್ ನೀರಾಯಿತು.

ಒಂದು ಗ್ಯಾಲನ್ ನೀರು 10 ಪೌಂಡು ತೂಗುವುದು. ನಿಮಿಷದಲ್ಲಿ 33,000 ಪೌಂಡನ್ನು 1 ಅಡಿ ಎತ್ತುವ ಬಲಕ್ಕೆ ಒಂದು ಅಶ್ವಶಕ್ತಿಯೆಂದು ಹೆಸರು. ಮೇಲೆ ಹೇಳಿದ ನೀರು 11 ಅಡಿ ಬಿದ್ದರೆ ಸರಿಯಾಗಿ ಒಂದು ಅಶ್ವಶಕ್ತಿ. ಸಣ್ಣ ಟರ್ಬೈನಿನಲ್ಲಿ ಇದರ ಮೂರರಲ್ಲಿ ಎರಡು ಪಾಲು ಸಿಕ್ಕಿತೆನ್ನೋಣ. ಅದರಿಂದ ನಡೆಯುವ ಪಂಪು ಅರ್ಧವನ್ನು ನೀರೆತ್ತುವುದಕ್ಕೆ ಬಳಸಿದರೆ, 33 ಅಡಿ ಆಳದ ಬಾವಿಯಿಂದ ನಿಮಿಷಕ್ಕೆ 33 ಗ್ಯಾಲನ್ ನೀರು ಬರುವುದು. ಹಗಲಿರುಳೂ ನಡೆದರೆ ಒಂದು ಎಕರೆಯ ಮೇಲೆ ಎರಡಂಗುಲ ನೀರನ್ನು ನಿಲ್ಲಿಸಿದಷ್ಟಾಗುವುದು. ಇದು ಅಲ್ಪವಲ್ಲ.

5. ಮುಖ್ಯವಾದ ಎಚ್ಚರಿಕೆ

ಆದರೆ ಹಳ್ಳವು ತುಂಬಿ ಹರಿಯುವ ಕಾಲದಲ್ಲಿ ಪೈರಿಗೆ ಬಾವಿಯ ನೀರು ಬೇಡ. ಕಬ್ಬು ಒಣಗುವ ಚೈತ್ರ ವೈಶಾಖಗಳಲ್ಲಿ ಹಳ್ಳದಲ್ಲಿ ನೀರಿಲ್ಲ. ಆದುದರಿಂದ ಶ್ರಾವಣದ ಅಳತೆಯನ್ನು ನಂಬದೆ, ಮಾಘದಲ್ಲಿಯೂ ಚೈತ್ರದಲ್ಲಿಯೂ ಅಳೆದು ನೋಡಬೇಕು. ಆಗಲೂ ಹರಿವು ನಿಲ್ಲದಿದ್ದರೆ ಮಾತ್ರ ಚಕ್ರದ ವಿಚಾರವನ್ನು ಮಾಡತಕ್ಕದ್ದು.

ಇನ್ನೊಂದು ಮಾತು. "ಪಂಪಿನ ನೀರನ್ನೇ ಟರ್ಬೈನಿನ ಮೇಲೆ ಬೀಳಿಸಿ, ಅದರ ವಿದ್ಯುತ್ತಿನಿಂದಲೇ ಪಂಪನ್ನು ನಡೆಸಬಹುದು, ಖರ್ಚೇ ಇಲ್ಲ" ಎಂದು ಯಾರಾದರೂ ಹೇಳಿದರೆ ಒಂದು ಕಾಸನ್ನೂ ಕೊಡಬೇಡಿರಿ. ಪಂಪಿನಲ್ಲಿ ಒಂದಿಷ್ಟು, ಟರ್ಬೈನಿನಲ್ಲಿ ಒಂದಿಷ್ಟು, ವಿದ್ಯುದ್ಯಂತ್ರಗಳೆರಡರಲ್ಲಿ ಒಂದಿಷ್ಟು ಕಳೆದು, ಹಾಕಿದ ನೂರು ಪಾಲಿನಲ್ಲಿ ಮೂವತ್ತು ಮೂವತ್ತೈದು ಹಿಂದಿರುಗಿದರೆ ಹೆಚ್ಚು. ಕಣಜದಿಂದ ನೂರು ಸೇರು ಬಿತ್ತಿ ಮೂವತ್ತು ಸೇರು ಬೆಳೆದವನ ಬೇಸಾಯವು ಎಷ್ಟು ದಿನ ನಡೆದೀತು?

6. ಪಂಪಿನ ಪಾಲನೆ

ನಿಮ್ಮ ಬಾವಿಯ ಪಂಪಿನೊಳಗಿನ ಚಕ್ರವೂ ಟರ್ಬೈನಿನ ಬಂಧುವೇ. ಅಲ್ಲಿ ನೀರು ಚಕ್ರವನ್ನು ತಿರುಗಿಸಿದರೆ, ಇಲ್ಲಿ ಚಕ್ರವು ನೀರನ್ನು ತಳ್ಳುವುದು. ಮರಳಿನಿಂದ ಅಲಗುಗಳು ಸವೆದರೆ ಎರಡರಲ್ಲಿಯೂ ಬಲವು ಕುಂದುವುದು. ಆದಕಾರಣ ಹೀರುಕೊಳವೆಯ ಜಾಲರಿಯನ್ನು ಶುದ್ಧವಾಗಿಡಿರಿ. ದಡದ ಮೇಲಿನ ಪಂಪನ್ನು ನೀರಿನ ಮಟ್ಟದಿಂದ 20 ಅಡಿಗಿಂತ ಮೇಲೆ ಕೂರಿಸಬೇಡಿರಿ.

ಗ್ರಾಮದ ಹಿರಿಯರು ಈ ಲೆಕ್ಕವನ್ನು ಚಾವಡಿಯಲ್ಲಿ ಓದಿಸಿ, ಓದಲು ಬಾರದ ರೈತರಿಗೂ ತಿಳಿಯಪಡಿಸಬೇಕಾಗಿ ಕೋರಲಾಗಿದೆ. ಮೊದಲು ಅಳತೆ, ಆಮೇಲೆ ಯಂತ್ರ ಎಂಬುದನ್ನು ಯಾರೂ ಮರೆಯಬಾರದು.