ಟವರ್ ಬಯ್ಯುವ ಮೊದಲು ಅಳೆದು ನೋಡಿ

ಮಕ್ಕಳೇ, ಹನೂರು ದಾಟಿ ಕೌದಳ್ಳಿ ಕಡೆ ಬಸ್ಸು ಹೊರಟರೆ ಫೋನಿನ ಕಡ್ಡಿ ಒಂದೊಂದೇ ಇಳಿಯುತ್ತದೆ. ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಬರೆದ ಅರ್ಜಿ ಕಚೇರಿಯಲ್ಲಿ ಧೂಳು ತಿನ್ನುತ್ತದೆ. ಯಾವ ಜಾಗ, ಯಾವ ಟವರ್, ಎಷ್ಟು ಸಿಗ್ನಲ್ ಎಂದು ಬರೆದುಕೊಟ್ಟರೆ ತಳ್ಳಿಹಾಕುವುದು ಕಷ್ಟ. ಸೋಲಿಗರ ಪೋಡಿನಲ್ಲಿ, ಅಂದರೆ ಅವರ ಹಾಡಿಯಲ್ಲಿ, ಹೆರಿಗೆ ನೋವು ಎದ್ದಾಗ 108ಕ್ಕೆ ಕರೆ ಹೋಗಲೇಬೇಕು. ಅದಕ್ಕೇ ಲ್ಯಾಪ್‌ಟಾಪ್‌ಗೆ ಸಿಮ್ ಹಾಕಿದ ಯುಎಸ್‌ಬಿ ಡಾಂಗಲ್ ಸಿಕ್ಕಿಸಿ ಸಿಗ್ನಲ್ ಅಳೆಯುವ ಬಗೆ ಹೇಳುತ್ತಿದ್ದೇನೆ.

• ಯುಎಸ್‌ಬಿ ಡಾಂಗಲ್ ಕೊಳ್ಳುವಾಗ 4ಜಿಯದನ್ನೇ ಕೊಳ್ಳಿ. ಜಿಯೋಗೆ 2ಜಿ, 3ಜಿ ಎರಡೂ ಇಲ್ಲ, ಏರ್‌ಟೆಲ್ ತನ್ನ 3ಜಿ ಮುಚ್ಚಿದೆ. ಮನೆಯ ಮೂಲೆಯಲ್ಲಿರುವ ಹಳೇ 3ಜಿ ಡಾಂಗಲ್‌ಗೆ ಜಿಯೋ ಟವರ್ ಎದುರಿಗಿದ್ದರೂ ಕಾಣುವುದಿಲ್ಲ. ಬಿಎಸ್‌ಎನ್‌ಎಲ್ 4ಜಿ ಹಿಡಿಯಬೇಕಾದರೆ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28 ಇದೆಯೇ ಕೇಳಿ. ವೈಫೈ ಹಂಚುವ ಡಾಂಗಲ್‌ಗಳು ಬಹುಪಾಲು ಈ ಕೆಲಸಕ್ಕೆ ಒದಗುವುದಿಲ್ಲ.

• ಲಿನಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮಿನಿಕಾಮ್ ತಂತ್ರಾಂಶ ಹಾಕಿಕೊಳ್ಳಿ. ಪೋರ್ಟ್ ತೆರೆಯದಿದ್ದರೆ ಮೋಡೆಮ್‌ಮ್ಯಾನೇಜರ್ ಎಂಬ ತಂತ್ರಾಂಶ ಅದನ್ನು ಹಿಡಿದುಕೊಂಡಿರಬಹುದು, ಮೊದಲು ಅದನ್ನು ನಿಲ್ಲಿಸಿ. ‘ಎಟಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಎಂಟರ್ ಒತ್ತಿ. ‘ಓಕೆ’ ಬಂದರೆ ಡಾಂಗಲ್ ಮಾತಿಗೆ ಸಿಕ್ಕಿತು. 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿ ಟೆಲಿಫೋನ್ ಮೋಡೆಮ್‌ಗೆ ಕಲಿಸಿದ ಭಾಷೆ ಇವತ್ತಿಗೂ ನಡೆಯುತ್ತಿದೆ.

• ‘ಎಟಿ+ಸಿಎಸ್‌ಕ್ಯೂ’ ಕೇಳಿದರೆ 0ಯಿಂದ 31ರವರೆಗೆ ಒಂದು ಅಂಕಿ ಬರುತ್ತದೆ. ಅದನ್ನು ಎರಡರಿಂದ ಗುಣಿಸಿ 113 ಕಳೆಯಿರಿ. 10 ಬಂದರೆ ಸಿಗ್ನಲ್ ಬಲ ಮೈನಸ್ 93 ಡಿಬಿಎಂ. 99 ಬಂದರೆ ಅಳತೆಯೇ ಸಿಕ್ಕಿಲ್ಲ. ಫೋನಿನ ಕಡ್ಡಿಯನ್ನು ಒಂದೊಂದು ಕಂಪನಿ ಒಂದೊಂದು ಥರ ತೋರಿಸುತ್ತದೆ, ಅದನ್ನು ಬರೆದುಕೊಳ್ಳಬೇಡಿ.

• ‘ಎಟಿ+ಸಿಒಪಿಎಸ್’ ಮುಂದೆ ಸಮ ಚಿಹ್ನೆ, ಪ್ರಶ್ನೆ ಚಿಹ್ನೆ ಹಾಕಿದರೆ ಆ ಜಾಗಕ್ಕೆ ತಲುಪುವ ಎಲ್ಲ ಕಂಪನಿಗಳ ಪಟ್ಟಿ ಬರುತ್ತದೆ, ಅವುಗಳ ಸಿಮ್ ನಿಮ್ಮಲ್ಲಿ ಇಲ್ಲದಿದ್ದರೂ. ನಿಮಿಷಗಟ್ಟಲೆ ಹಿಡಿಯಬಹುದು, ಕಾಯಿರಿ. ಕರ್ನಾಟಕದ ಏರ್‌ಟೆಲ್‌ಗೆ 40445 ಎಂಬ ಗುರುತು. ಗಡಿಯ ಪಾಲಾರ್ ಹತ್ತಿರ ಏರ್‌ಟೆಲ್ ಹೆಸರಿನ ಪಕ್ಕ ಬೇರೆ ಸಂಖ್ಯೆ ಕಂಡರೆ ಅದು ತಮಿಳುನಾಡಿನ ಟವರ್, ನಮ್ಮ ಲೆಕ್ಕಕ್ಕೆ ಸೇರಿಸಬೇಡಿ.

• ‘ಎಟಿ+ಸಿಆರ್‌ಇಜಿ’ ಮುಂದೆ ಪ್ರಶ್ನೆ ಚಿಹ್ನೆ ಹಾಕಿ ಕೇಳಿ. ಎರಡನೆಯ ಅಂಕಿ 1 ಇದ್ದರೆ ಸ್ವಂತ ನೆಟ್‌ವರ್ಕ್, 5 ಇದ್ದರೆ ರೋಮಿಂಗ್, 2 ಇದ್ದರೆ ಇನ್ನೂ ಹುಡುಕುತ್ತಿದೆ. 3 ಇದ್ದರೆ ನೆಟ್‌ವರ್ಕ್ ನಿಮ್ಮನ್ನು ಒಳಗೆ ಬಿಟ್ಟಿಲ್ಲ, ಮೊದಲು ಸಿಮ್ ನೋಡಿಕೊಳ್ಳಿ.

• ರೋಗ ಒಂದೇ ಅಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ಅಮಾವಾಸ್ಯೆಗೆ, ಶಿವರಾತ್ರಿಗೆ ಮಾದಪ್ಪನ ಬೆಟ್ಟದಲ್ಲಿ ಸಿಗ್ನಲ್ ಅಂಕಿ ಎಂದಿನಂತೆಯೇ ಇದ್ದು ಕರೆ ಮಾತ್ರ ಹೋಗದಿದ್ದರೆ ಅದು ಜನಸಂದಣಿ. ಅಲ್ಲಿ ಕೇಳಬೇಕಾದದ್ದು ಜಾತ್ರೆ ದಿನಗಳ ತಾತ್ಕಾಲಿಕ ಟವರ್. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಅಂಕಿಯೇ ಮಾಯವಾದರೆ ಟವರಿನ ಬ್ಯಾಟರಿ ಸತ್ತಿದೆ. ಕರೆಂಟು ಹೋದ ಹೊತ್ತನ್ನೂ ಗುರುತು ಹಾಕಿ. ಬಿಳಿಗಿರಿರಂಗನ ಬೆಟ್ಟದಂಥ ಎತ್ತರದಲ್ಲಿ ಬಯಲಿನ ಹತ್ತಾರು ಟವರ್ ಒಟ್ಟಿಗೇ ಕೇಳಿಸಿ ಒಂದರ ಸದ್ದಿಗೆ ಇನ್ನೊಂದು ಅಡ್ಡ ಬರಬಹುದು. ಆಗ ಅಂಕಿ ಚೆನ್ನಾಗಿರುತ್ತದೆ, ಇಂಟರ್ನೆಟ್ ತೆವಳುತ್ತದೆ. ಅದೇ ಬೆಟ್ಟದ ಮರೆಯ ಹಳ್ಳಿಗೆ ಅಲೆಯೇ ಇಳಿಯುವುದಿಲ್ಲ. ಇಲ್ಲಿ ಮಾತ್ರ ಹೊಸ ಟವರ್ ಕೇಳುವುದು ನ್ಯಾಯ.

• ತಗಡಿನ ಮನೆಯೊಳಗೆ ಅಳೆಯಬೇಡಿ. ಯುಎಸ್‌ಬಿ ತಂತಿಯಲ್ಲಿ ಡಾಂಗಲನ್ನು ಹೊರಗೆ ಎತ್ತರಕ್ಕೆ ಕಟ್ಟಿ, ತಂತಿ ಐದು ಮೀಟರ್ ಮೀರದಿರಲಿ.

• ಕಾಡಿನೊಳಗೆ ಹೆಜ್ಜೆ ಇಡಬೇಡಿ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಗುಂಬಳ್ಳಿಯಿಂದ ಮೇಲಕ್ಕೆ ಬಸ್ಸಿನಲ್ಲಿ ಕೂತೇ ಅಳೆಯಿರಿ. ಆನೆ ಓಡಾಡುವ ದಾರಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ನಿಲ್ಲುವ ಹುಚ್ಚು ಬೇಡ.

• ಡಾಂಗಲ್‌ನ ಗುರುತಾದ ಐಎಂಇಐ ಸಂಖ್ಯೆ ಬದಲಿಸುವ ವಿದ್ಯೆ ಯಾರು ಹೇಳಿಕೊಟ್ಟರೂ ಕಲಿಯಬೇಡಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಸೆರೆಮನೆ. ಪರವಾನಗಿ ಇಲ್ಲದ ಬೂಸ್ಟರೂ ಬೇಡ, ಅದು ಅಕ್ಕಪಕ್ಕದವರ ಸಿಗ್ನಲ್ ಕೆಡಿಸುತ್ತದೆ.

• ದಿನಾಂಕ, ಹೊತ್ತು, ಊರು, ಕಂಪನಿ, ಅಂಕಿ ಎಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದು, ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಕಂಪನಿಗೆ ಕೊಡಿ. ಮೊಹರು ಬಿದ್ದ ಸ್ವೀಕೃತಿ ತಗೊಳ್ಳದೆ ಬರಬೇಡಿ.